ಗಜೇಂದ್ರಗಡದ ತೋಳ, ನರಗುಂದದ ಕೊಳವಿ

ಉಳಿದ ಮಂದಿಗೆ ವರ್ಷಕ್ಕ ಒಂದು ಸೋಜಿಗ ಆಗತೈತಿ. ನನಗ ಕಪ್ಪಿನಾಗಿನ ಚಹಾ ಆರೂದರೊಳಗ ಒಂದು ಆಗತೈತಿ. ನಾನೇನೂ ಕರಿಯೂದಿಲ್ಲ, ತಾವಽ ನನ್ನ ಹುಡುಕ್ಕೊಂಡು ಬರತಾವ.

ಸಾಲಿ ಕಟ್ಟಿ ಹತ್ತಿದಾಂವಲ್ಲ ನಾನು. ಆದ್ರ ರೋಣದ ಸ್ಟುಡಿಯೋದಾಗ ನಾನು ಕ್ಯಾಮರಾ ಹಿಡಿದ್ನೆಂದ್ರ, ಜಗಳಾಡಕೋತ ಬಂದ ಬೀಗರೂ ಹಲ್ಲು ಬಿಡತಿದ್ರು. ಒಮ್ಮೆ ಒಬ್ಬ ರೈತನ ಎಮ್ಮಿ ಫೋಟೋ ತಗದು ದೊಡ್ಡದು ಮಾಡಿ ಕೊಟ್ಟಿದ್ದೆ. ಅಂವ ಅದನ್ನ ಗ್ವಾಡಿಗೆ ತೂಗಹಾಕಿದ. ಮರುದಿನ ನೋಡಿದ್ರ ಎಮ್ಮಿ ಕರ ಗ್ವಾಡಿಗೆ ಬಾಯಿ ಹಚ್ಚಿ ನಿಂತಿತ್ತು. ಈ ಮಾತು ಸುತ್ತಲ ಊರಿಗೆಲ್ಲಾ ಗೊತ್ತೈತಿ, ಯಾಕಂದ್ರ ನಾನಽ ಹೇಳೀನಿ. ನಮ್ಮ ಮನಿಯಾಕಿ ಒಬ್ಬಾಕಿ ನಂಬೂದಿಲ್ಲ. ಮದುವಿ ಆದಾಗಿಂದ ನಾನು ಆಡಿದ ಒಂದು ಮಾತೂ ಆಕಿ ನಂಬಿಲ್ಲ.

ಈಗ ನಮ್ಮ ಮನಿ ಗಜೇಂದ್ರಗಡದಾಗ, ಗುಡ್ಡದ ಬುಡಕ್ಕ. ಸ್ಟುಡಿಯೋ ಮಗಳು ನಡಸ್ತಾಳ. ನನ್ನ ಕೆಲಸ ಸಂಜಿ ಮುಂದ ಗುಡ್ಡ ಹತ್ತೂದು, ಇಳಿಯೂದು, ಓಣ್ಯಾಗಿನ ಬೇವಿನ ಕಟ್ಟಿ ಮ್ಯಾಲ ಕುಂತು ಕಂಡದ್ದನ್ನ ಹೇಳೂದು. ಹಂಗ ಒಂದಿನ ತೋಳ ಕಂಡೆ. ಬಾಲ ಮುದುಡಿಕೊಂಡು ಓಡೂ ತೋಳ ಅಲ್ಲ. ದೊಡ್ಡ ಬಂಡೆ ಮ್ಯಾಲ ಸ್ವಾಮಿಗಳು ಕುಂತಂಗ ಕುಂತು, ಮುಳುಗೂ ಸೂರ್ಯನ್ನ ನೋಡಕೋತ, ದಿನ್ನಿ ಮ್ಯಾಲಿನ ಕರೆಂಟ್ ಮಾಡೂ ಗಾಳಿ ಫ್ಯಾನು ತಿರಗೂ ಸಪ್ಪಳ ಕೇಳಕೋತ ಇತ್ತು. ಸೂರ್ಯ ಪೂರಾ ಹೋದ ಮ್ಯಾಲ ಎದ್ದು, ಮೈ ಝಾಡಿಸಿ, ತನ್ನ ದಾರಿ ಹಿಡೀತು. ನನಗೂ ಆಗ ಮನಿ ನೆನಪಾತು.

ಕಟ್ಟಿ ಮ್ಯಾಲ ಇದನ್ನ ಹೇಳಾಕತ್ತಾಗ ನೀರಿನ ಕೊಡ ಹೊತ್ತು ಹೊಂಟ ಮನಿಯಾಕಿ ಅಲ್ಲೇ ನಿಂತಳು. "ತೋಳ ಸೂರ್ಯನ್ನ ನೋಡತಿತ್ತು. ನೀವು ತೋಳನ್ನ ನೋಡತಿದ್ರಿ. ಗಿರಣಿಗೆ ಹೋಗಬೇಕಾದ ಜ್ವಾಳ ಮನ್ಯಾಗ ನಿಮ್ಮ ದಾರಿ ನೋಡತಿತ್ತು" ಅಂದಳು. ಕಟ್ಟಿ ಮಂದಿ ನಕ್ಕರು.

"ಫೋಟೋ ತೋರಿಸಿದ್ರ ನಂಬತೀಯೇನು?" ಅಂದೆ.

"ಯುಗಾದಿ ಒಳಗ ತೋರಸ್ರಿ. ಇದಽ ಕಟ್ಟಿ ಹತ್ತಿ, ಎಲ್ಲಾರ ಮುಂದ, ನಮ್ಮನಿಯವರು ಖರೇ ಹೇಳತಾರ ಅಂತೀನಿ. ತೋರಸದಿದ್ರ ಇನ್ನ ಮುಂದ ಈ ಕಟ್ಟಿ ಮ್ಯಾಲ ನೀವು ಬಾಯಿ ತಗಿಯಂಗಿಲ್ಲ. ಆಕಳಿಕಿ ಬಂದ್ರೂ ಮನಿಗೆ ಬಂದು ಆಕಳಿಸಬೇಕು."

ಮಂದಿ ಮುಂದ ಮಾತು ಕೊಟ್ಟಾಗಿತ್ತು. ನನ್ನ ಬಾಯಿ ಮುಚ್ಚಿದ್ರ ನನ್ನ ಹತ್ರ ಉಳಿಯೂದಾದ್ರೂ ಏನು? ಒಂದು ಧೋತರ, ಎರಡು ಮೊಣಕಾಲು.

೧. ತೂಗಿ ತಂದ ಕಣ್ಣು

ಮೊಬೈಲ್‌ನ್ಯಾಗ ತೋಳ ಸಾಸಿವಿ ಕಾಳಿನಷ್ಟು ಬರತಿತ್ತು. ಮಗಳ ಹತ್ರ ಹೊಸಾ ನಮೂನಿ ಕ್ಯಾಮರಾ ಐತಿ, ಒಳಗ ಕನ್ನಡೀನಽ ಇಲ್ಲದ್ದು. ಅದಕ್ಕ ದೂರದ ಲೆನ್ಸ್ ಕೊಡಸು ಅಂದೆ. "ಅಪ್ಪಾ, ಆ ರೊಕ್ಕದಾಗ ಟ್ರ್ಯಾಕ್ಟರ್ ಬರತೈತಿ. ನೀ ಒಂದು ಹಳೇ ಲೆನ್ಸ್ ಹುಡಕು. ನಡುವ ಒಂದು ಬಳಿ ಹಾಕಿದ್ರ ಯಾವ ಕಾಲದ ಲೆನ್ಸಾದ್ರೂ ಇದಕ್ಕ ಕೂಡತೈತಿ" ಅಂದಳು.

ನರಗುಂದದ ಗುಜರಿ ಅಂಗಡ್ಯಾಗ ಸಿಕ್ತು. ಪಂಪ್‌ಸೆಟ್ಟಿನ ಮುರಕಲು ಸಾಮಾನಿನ ನಡುವ, ಮೊಣಕೈ ಉದ್ದದ ಕೊಳವಿ, ಮುಂದ ತಾಟಿನಂಥ ಗಾಜು. ಗುಜರಿಯಾಂವ ಅದನ್ನ ಔಷಧ ಹೊಡಿಯೂ ಪಂಪಿನ ಭಾಗ ಅಂತ ತಿಳದಿದ್ದ. ತಕ್ಕಡ್ಯಾಗ ಇಟ್ಟು ಕಬ್ಬಿಣದ ರೇಟಿಗೆ ತೂಗಿ ಕೊಟ್ಟ. ಗಾಜಿಗೆ ರೊಕ್ಕ ಹಿಡೀಲಿಲ್ಲ.

ಬಸ್ಸಿನ್ಯಾಗ ಅದನ್ನ ತೊಡಿ ಮ್ಯಾಲ ಕೂಸಿನಂಗ ಇಟಗೊಂಡು ಕುಂತಿದ್ದೆ. ಕಂಡಕ್ಟರ್ ಬಂದು, "ಅಜ್ಜಾರ, ಏನ್ರಿ ಇದು, ದುರ್ಬೀನೇನು? ಕೊಡ್ರಿ ಇಲ್ಲಿ" ಅಂತ ಇಸಗೊಂಡು ಮುಂದಕ್ಕ ಹಿಡದು ನೋಡಿದ. ಬರೇ ಲೆನ್ಸಿನ್ಯಾಗ ನೋಡಿದ್ರ ಎಲ್ಲಾ ತಲಿಕೆಳಗ ಕಾಣತೈತಿ. ಅದು ಅವಗ ಹ್ಯಾಂಗ ಗೊತ್ತಾಗಬೇಕು? ಡ್ರೈವರನ್ನ ನೋಡಿದ, ಕೊಳವಿ ಇಳಿಸಿದ, ಮತ್ತ ನೋಡಿದ.

"ಡ್ರೈವರ್ ತಲಿ ಕೆಳಗ, ಕಾಲು ಮ್ಯಾಲ ಐತ್ರಿ" ಅಂದ.

ಹಿಂದಿನ ಸೀಟಿನ ಮುದುಕಿ ತಂಬಾಕದ ಚಂಚಿ ಬಿಚ್ಚಕೋತ ಅಂದಳು: "ಈ ಬಸ್ಸು ಯಾಕ ಹಿಂಗ ಓಡತೈತಿ ಅನ್ನೂದು ಇವತ್ತ ತಿಳೀತು ನೋಡಪಾ."

೨. ಇದ್ದದ್ದನ್ನ ಇಲ್ಲ ಅನ್ನೂದು

ನಡುವಿನ ಬಳಿ ಮಾಡಿದಾಂವ ನನ್ನ ಗೆಳೆಯ, ಲೇಥ್ ಮಷೀನಿನ ಸಾಹೇಬ. ಇಬ್ಬರೂ ಚಡ್ಡಿ ಹಾಕ್ಕೊಳ್ಳೂ ಮೊದಲಿಂದ ದೋಸ್ತರು. ಒಂದು ಅಲ್ಯುಮಿನಿಯಮ್ ತುಂಡು ಹಿಡದು, ತಿರುವಿ, ಸ್ಕ್ರೂ ಕೂಡೂ ಆಟಿ ಕೊರದು, ಉಫ್ ಅಂತ ಊದಿ ಕೊಟ್ಟ. ಕ್ಯಾಮರಾಕ್ಕ ಬಳಿ, ಬಳಿಗೆ ಕೊಳವಿ. ಸಾಹೇಬನ್ನೂ ಕರಕೊಂಡು ಮನಿಗೆ ಬಂದು ಕೂಡಿಸಿ ನಿಂತೆ, ತೋಪು ಹಿಡದಂಗ.

ಗುಂಡಿ ಒತ್ತಿದೆ. ಸಪ್ಪಳಿಲ್ಲ. ಇನ್ನೊಮ್ಮೆ ಒತ್ತಿದೆ. ಸಾಹೇಬನೂ ಒತ್ತಿದ. ಪಡದಿ ಮ್ಯಾಲ ಇಂಗ್ಲಿಷ್‌ನ್ಯಾಗ ಏನೋ ಬಂತು. ಮಗಳು ಸ್ಟುಡಿಯೋದ ಇನ್ನೊಂದು ಕ್ಯಾಮರಾ ತಗೊಂಡು ನರೇಗಲ್‌ಗೆ ಮದುವಿ ಫೋಟೋಕ್ಕ ಹೋಗಿದ್ದಳು. ಫೋನ್ ಹಚ್ಚಿ ಸಾಹೇಬನ ಕೈಲೆ ಓದಿಸಿದೆ.

"ಲೆನ್ಸ್ ಇಲ್ಲ ಅಂತ ಬರದೈತೆವ್ವಾ" ಅಂದ ಸಾಹೇಬ.

"ಮೊಣಕೈ ಉದ್ದದ್ದು ಮೂಗಿಗೆ ಕಟ್ಟೀನಿ, ಲೆನ್ಸ್ ಇಲ್ಲಂತ" ಅಂದೆ ನಾನು.

ಅತ್ತಲಿಂದ ಮಗಳು, ಹಿಂದ ಬ್ಯಾಂಜೊ ಸಪ್ಪಳ: "ಅಪ್ಪಾ, ಹಳೇ ಲೆನ್ಸಿಗೆ ಕರೆಂಟ್ ಇರೂದಿಲ್ಲ. ಕರೆಂಟಿಲ್ಲದ್ದನ್ನ ಕ್ಯಾಮರಾ ಲೆನ್ಸ್ ಅಂತ ಹಿಡಿಯೂದಿಲ್ಲ. ಲೆನ್ಸ್ ಇಲ್ಲಂದ್ರೂ ಹೊಡಿ ಅಂತ ಅದಕ್ಕ ತಿಳಿಸಿ ಹೇಳಬೇಕು, ನಾ ಬಂದು ಮಾಡಿಕೊಡತೀನಿ."

ಮನಿಯಾಕಿ ಬಾಗಲದಾಗ ಅಕ್ಕಿ ಆರಿಸಿಕೋತ ಕುಂತಿದ್ದಳು. "ಕ್ಯಾಮರಾದ್ದು ಏನ್ ತಪ್ಪೈತಿ? ನಿಮ್ಮನ್ನ ಇದ್ದೂ ಇಲ್ಲ ಅನ್ನೂದು ಕಲಿಯಾಕ ನಾ ಒಂದು ಜನ್ಮ ತಗೊಂಡೆ, ಅದು ಒಂದ ದಿನದಾಗ ಕಲತೈತಿ" ಅಂದಳು.

೩. ಕೊನಿ ದಾಟಿ

ಕ್ಯಾಮರಾ ಒಪ್ಪಿತು. ಗುಡ್ಡ ಒಪ್ಪಲಿಲ್ಲ. ಎಷ್ಟು ತಿರುವಿದ್ರೂ ಮಗ್ಗಲ ಮನಿ ನುಗ್ಗಿಗಿಡದ ತನಕ ಚೊಕ್ಕ, ಅದರಾಚೆ ಎಲ್ಲಾ ಮಜ್ಜಿಗಿ. ಬಳಿ ಒಂದು ಎಳಿಯಷ್ಟು ದಪ್ಪಾದ್ರೂ ಹಿಂಗಽ ಆಗತೈತಂತ. ಸಾಹೇಬಗ, "ದೂರದ್ದು ನೋಡೂ ಕಣ್ಣು ತಂದ್ರ ಅದಕ್ಕೂ ಚಾಳೀಸ ತಂದಿಯಲ್ಲೋ" ಅಂದೆ. ಅಂವ ಸಿಟ್ಟಿಗೆದ್ದು ಬಳಿ ಜಾಸ್ತಿನಽ ಕೆರದ.

ಆಮ್ಯಾಲ ಆದದ್ದು ಕೇಳ್ರಿ. ಲೆನ್ಸ್ ತಿರುವಕೋತ ಹೋದ್ರ ಕಡೀಗೆ ಒಂದು ಗುರ್ತು ಬರತೈತಿ, ಇಂಗ್ಲಿಷ್ ಎಂಟು ಅಡ್ಡ ಮಲಗಿದಂಗ. ಅಲ್ಲಿಗೆ ಜಗತ್ತು ಮುಗೀತು ಅಂತ ಅರ್ಥ. ಬಳಿ ತೆಳುವಾಗಿತ್ತು ನೋಡ್ರಿ, ಗುಡ್ಡ ಆ ಗುರ್ತಿಗಿಂತ ಮೊದಲಽ ಚೊಕ್ಕ ಬಂದುಬಿಡ್ತು. ತಿರುವಾಕ ಇನ್ನೂ ಜಾಗ ಉಳದಿತ್ತು. ತಿರುವಿದೆ. ಗುಡ್ಡ ಕರಗಿತು. ಊರಿನ ದೀಪ ಎಲ್ಲಾ ಉಬ್ಬಿ ಉಬ್ಬಿ ತುಪ್ಪದ ಹನಿ ಆದವು, ಒಂದರ ಮ್ಯಾಲ ಒಂದು ತೇಲಿದವು. ಫ್ಯಾನು ಬಿಳೇ ಹೂವಾಗಿ ಸಾವಕಾಶ ಅರಳಿದವು. ಯಾವುದಕ್ಕೂ ಅಂಚಿಲ್ಲ, ಯಾರಿಗೂ ಅವಸರಿಲ್ಲ. ಮಾಳಗಿ ಮ್ಯಾಲ ಕುಂತು ನೋಡಕೋತ ನನಗ ಊಟದ ನೆನಪೂ ಆಗಲಿಲ್ಲ. ಜಗತ್ತು ಮುಗದ ಮ್ಯಾಲೂ ಮುಂದ ಕಾಣತೈತಿ ಅಂದ್ರ ಅದು ನಾಳೀನಽ ಇರಬೇಕು.

ಕಟ್ಟಿ ಮ್ಯಾಲ ಇದನ್ನಽ ಹೇಳಿದೆ. ವಾಯಿದೆ ಇನ್ನೂ ಇತ್ತಲ್ಲ, ಬಾಯಿ ನಂದಽ ಇತ್ತು. ಉಳ್ಳಾಗಡ್ಡಿ ಬೆಳಿಯೂ ಒಬ್ಬಾಂವ ಖರೇನಽ ಮನಿಗೆ ಬಂದ. "ಅಜ್ಜಾರ, ನಾಳಿಗೆ ಉಳ್ಳಾಗಡ್ಡಿ ರೇಟ್ ಏನಾಗತೈತಿ, ಒಂದೀಟು ನೋಡಿ ಹೇಳ್ರಿ."

ಕಣ್ಣು ಹಚ್ಚಿ ಭಾಳ ಹೊತ್ತು ನೋಡಿದೆ. "ಬರೇ ಮಸಕು ಮಸಕು ಐತಪಾ" ಅಂದೆ.

ಅಂವ ಟವಲ್ ಹೆಗಲಿಗೆ ಹಾಕ್ಕೊಂಡು ಎದ್ದ. "ಹಂಗಂದ್ರ ಬಿಡ್ರಿ. ಅಷ್ಟು ನನಗ ಕೊಳವಿ ಇಲ್ಲದಽ ಕಾಣತೈತಿ."

೪. ಹಪ್ಪಳ

ಮೂರನೇ ಸಲಕ್ಕ ಸಾಹೇಬನ ಬಳಿ ಸರಿ ಬಂತು. ಆದ್ರ ಗಾಜಿನೊಳಗ ಜೇಡರ ಬಲಿಯ ಎಳಿಯಂಥ ಬೂಸರ ಬೆಳದಿತ್ತು. ಬಿಸಲಿಗಿಟ್ರ ಸಾಯತೈತಿ ಅಂದಳು ಮಗಳು. ಮಾಳಗಿ ಮ್ಯಾಲ ಸೂರ್ಯನ ಕಡೆ ಮುಖ ಮಾಡಿ ಇಟ್ಟು, ನೆರಳಿನ್ಯಾಗ ಅಡ್ಡಾದೆ. ಕನಸಿನ್ಯಾಗ ತೋಳ ಬಂತು, ನನ್ನ ಹೆಸರು ಹಿಡದು ಕರೀತು, ಬೀಡಿ ಕೇಳ್ತು. ಬೀಡಿ ವಾಸನಿ ಜೋರಾಗಿ ಎಚ್ಚರಾತು.

ಕೊಳವಿ ಹಿಂದ ಮನಿಯಾಕಿ ಹಪ್ಪಳ ಒಣ ಹಾಕಿದ್ದಳು. ಮುಂದಿನಿಂದ ಹೊಕ್ಕ ಬಿಸಲು ಹಿಂದಿನಿಂದ ಸೂಜಿಯಾಗಿ ಹೊರಬಿದ್ದು ಒಂದು ಹಪ್ಪಳದ ನಡುವ ಕರ್ರಗ ತೂತು ಮಾಡಿತ್ತು. ಆಕಿ ಮ್ಯಾಲ ಬಂದಳು. ಇವತ್ತ ಕೊಳವಿ ಓಣ್ಯಾಗ ಬೀಳತೈತಿ ಅಂತ ಅದನ್ನ ಅವಚಿ ಹಿಡಕೊಂಡೆ. ಆಕಿ ಆ ಹಪ್ಪಳ ಎತ್ತಿ, ಸುಟ್ಟ ಕಡೆ ಒಂದು ತುಣುಕು ಮುರದು ಬಾಯಿಗೆ ಹಾಕ್ಕೊಂಡು, ಸೂರ್ಯನ್ನ ನೋಡಕೋತ ಅಗದಳು.

"ಒಂದಽ ಸುಟ್ಟದ್ದು ಯಾಕ? ಮಧ್ಯಾಹ್ನ ಊಟಕ್ಕ ನಾವು ಮೂರು ಮಂದಿ ಇದ್ದೀವಿ" ಅಂದಳು.

೫. ತೋಳ

ಯುಗಾದಿ ನಾಳೆ ಅನ್ನೂ ದಿನ ಬಂತು. ಇಷ್ಟು ದಿನ ಗುಡ್ಡ ಹತ್ತಿದ್ರೂ ತೋಳದ ಸುಳಿವಿಲ್ಲ. ಮನಿಯಾಕಿ ಮುಂಜಾನೆನಽ "ನಾಳಿಂದ ಓಣಿ ಎಷ್ಟು ತಣ್ಣಗ ಇರತೈತಿ" ಅಂದಿದ್ದಳು.

ಸಾಹೇಬನ್ನ ಕರಕೊಂಡು ಹತ್ತಿದೆ. ಕೊಳವಿ ಭಾರ, ಕೈ ನಡಗಿದ್ರ ಫೋಟೋ ಹೋತು. ಅದಕ್ಕ ಅವನ್ನ ಮುಂದ ಕುಂದರಿಸಿ ಹೆಗಲ ಮ್ಯಾಲ ಕೊಳವಿ ಇಟ್ಟೆ. "ಉಸರ ಬಿಡಬ್ಯಾಡ" ಅಂದೆ. "ಎಲ್ಲೀ ತನಕ?" ಅಂದ. "ತೋಳ ಬರೂ ತನಕ" ಅಂದೆ. "ಯಾ ಅಲ್ಲಾ" ಅಂದ. ಸ್ವಲ್ಪ ಹೊತ್ತಿಗೆ ಅಲ್ಲೇ ನಿದ್ದಿ ಹೋದ. ಅವನ ಗೊರಕಿ ಏರಿ, ಇಳದು, ನಡುವ ಒಂದು ಗಳಿಗಿ ನಿಂದರತಿತ್ತು. ಅಂಥಾ ಸ್ಟ್ಯಾಂಡು ಯಾವ ಅಂಗಡ್ಯಾಗೂ ಸಿಗೂದಿಲ್ಲ.

ಸೂರ್ಯ ನನ್ನ ಬೆನ್ನಿಗೆ ಇಳೀತಿದ್ದ. ಬಣವಿ, ಬಂಡೆ, ಕೆಳಗಿನ ಊರು, ಎಲ್ಲಾಕ್ಕೂ ಅರಿಷಿಣ ಬಳದಿತ್ತು. ಕೆಳಗ ಮಸೂತಿಯಿಂದ ಇಳಿಹೊತ್ತಿನ ಬಾಂಗು ಎದ್ದು, ಗಾಳಿಗೆ ಅರ್ಧ ಚದರಿ, ಅರ್ಧ ನಮ್ಮ ತನಕ ಬಂತು. ಅದು ಮುಗಿಯೂದಕ್ಕೂ ತೋಳ ಬಂಡೆ ಹತ್ತೂದಕ್ಕೂ ಸರಿಹೋತು. ಕುಂತಿತು. ಕಿವಿ ಎರಡೂ ದೀಪದ ಕುಡಿ ಹಂಗ ಬೆಳಗಿದವು. ಅದು ಸೂರ್ಯನ್ನ ನೋಡಾಕತ್ತಿತ್ತು, ಸೂರ್ಯನ ದಾರ್ಯಾಗ ನಾನಿದ್ದೆ, ಹಿಂಗಾಗಿ ನನ್ನನ್ನೂ ನೋಡಿತು. ಲೆನ್ಸ್ ಸಾವಕಾಶ ತಿರುವಿದೆ. ಕೂದಲ ಎಳಿ ಎಳಿ ಎದ್ದು ನಿಂತವು. ಗೊರಕಿ ನಿಂತ ಗಳಿಗಿ ನೋಡಿ ಗುಂಡಿ ಒತ್ತಿದೆ.

ಮಗಳು ರಾತ್ರ್ಯಾಗ ಅದನ್ನ ಕದದಷ್ಟು ದೊಡ್ಡದು ಮಾಡಿ ಕೊಟ್ಟಳು. ಯುಗಾದಿ ಮುಂಜಾನೆ ಬೇವು ಬೆಲ್ಲ ಬಾಯಾಗ ಇರೂವಾಗಲೇ ಕಟ್ಟಿ ಮ್ಯಾಲ ಹಾಸಿದೆ. ಮಂದಿ ಬಗ್ಗಿತು. ಉಳ್ಳಾಗಡ್ಡಿಯಾಂವ ಫೋಟೋದ ಮ್ಯಾಲ ಬೆರಳಿಟ್ಟು ಕೇಳಿದ.

"ಅಜ್ಜಾರ, ಇದು ನಿಮ್ಮ ಮಾಳಗಿ ಅಲ್ಲೇನ್ರಿ?"

ನೋಡಿದೆ. ತೋಳದ ಹಿಂದ ನಮ್ಮ ಮಾಳಗಿ. ಮಾಳಗಿ ಮ್ಯಾಲ ನಮ್ಮ ಮನಿಯಾಕಿ, ಕೆಂಪ ಸೀರಿ, ಚಾದರ ಝಾಡಸಾಕತ್ತಾಳ. ಸ್ವಲ್ಪ ಮಸಕು, ಆದ್ರ ಆಕಿನಽ. ಉದ್ದ ಲೆನ್ಸಿನ ಗುಣಾನಽ ಅದು, ದೂರದ್ದನ್ನೂ ಹತ್ರದ್ದನ್ನೂ ಒಟ್ಟಿಗೆ ಒತ್ತಿ ಅಂಟಿಸಿ ಬಿಡತೈತಿ. ತೋಳಕ್ಕೂ ಆಕಿಗೂ ನಡುವ ಅರ್ಧ ಗುಡ್ಡ, ಎರಡು ಓಣಿ. ಫೋಟೋದಾಗ ಇಬ್ಬರೂ ಒಂದಽ ಎತ್ತರ, ಹೆಗಲಿಗೆ ಹೆಗಲು.

ಅಷ್ಟರಾಗ ಆಕಿನಽ ಬಂದಳು. ಚಾಳೀಸ ಏರಿಸಿ ನೋಡಿದಳು. ತೋಳ ನೋಡಿದಳು, ತನ್ನ ನೋಡಿಕೊಂಡಳು. ಮಗ್ಗಲಕ್ಕ ನಿಂತಿದ್ದ ಸಾಹೇಬ ನನ್ನ ಕೈ ಹಿಡದ. ಆಕಿ ತಲಿ ಮ್ಯಾಲ ಸೆರಗ ಹೊಚ್ಚಿಕೊಂಡು ಕಟ್ಟಿ ಹತ್ತಿದಳು.

"ನಮ್ಮನಿಯವರು ಖರೇ ಹೇಳತಾರ" ಅಂದಳು.

ಈ ಮಾತು ಕೇಳಿ ನನಗ ಕಟ್ಟಿ, ಬೇವಿನಗಿಡ, ಮಂದಿ, ಎಲ್ಲಾ ಉಬ್ಬಿ ತುಪ್ಪದ ಹನಿ ಆದವು. ಆಕಿ ಅಷ್ಟಕ್ಕ ಇಳದಿದ್ರ ಚಲೋ ಇತ್ತು.

"ನಿನ್ನೆ ಚಾದರ ಝಾಡಸಾಕತ್ತಿದ್ದೆ. ಹಿಂದಿಂದ ಬಿಸಿ ಉಸರು ಹತ್ತಿತು. ಇವರಽ ಇರಬೇಕಂತ, ಜ್ವಾಳ ಹಾಕಿಸಿದ್ರೇನು ಅಂದೆ. ಉತ್ತರಿಲ್ಲ. ಅದಕ್ಕ ಇವರಲ್ಲ ಅಂತ ಗೊತ್ತಾತು. ತಿರುಗಿ ನೋಡಿದ್ರ ತೋಳ. ಹಸದಿಯೇನಪಾ ಅಂದೆ. ಗೋಣು ಹಾಕ್ತು. ಕಟಕ ರೊಟ್ಟಿ ಶೇಂಗಾ ಚಟ್ನಿ ಕೊಟ್ಟೆ. ಖಾರ ಜಾಸ್ತಿ ಆತು, ನೀರು ಕುಡದು ಹೋತು."

ಮಂದಿ ಬಾಯಿ ತಕ್ಕೊಂಡು ನಿಂತಿತ್ತು. ನನ್ನ ಕಟ್ಟಿ, ನನ್ನ ಮಂದಿ. ನನಗ ತಡಕೊಳ್ಳಾಕ ಆಗಲಿಲ್ಲ.

"ಸುಳ್ಳು" ಅಂದೆ. "ತೋಳ ಗುಡ್ಡದ ಮ್ಯಾಲಿತ್ತು. ನಡುವ ಎರಡು ಓಣಿ ಅದಾವ. ಸಾಹೇಬನ್ನ ಕೇಳ್ರಿ."

"ನಾ ಮಲಗಿದ್ನಿ" ಅಂದ ಸಾಹೇಬ.

ಉಳ್ಳಾಗಡ್ಡಿಯಾಂವ ನನ್ನ ಹೆಗಲ ಮ್ಯಾಲ ಕೈ ಇಟ್ಟ. "ಫೋಟೋ ಕಣ್ಣ ಮುಂದಽ ಐತಿ. ಹಬ್ಬದ ದಿನಾನಾದ್ರೂ ಸುಳ್ಳ ಹೇಳೂದು ಬಿಡ್ರಿ ಅಜ್ಜಾರ."

ಈಗ ಸಂಜಿ ಆದ್ರ ಕಟ್ಟಿ ಮ್ಯಾಲ ಆಕಿ ಕುಂದರತಾಳ. ಮುಶಿಗೇರಿಯಿಂದ ಸೈತ ಮಂದಿ ಕೇಳಾಕ ಬರತೈತಿ. ನಾನು ಗಿರಣಿಗೆ ಹೋಗತೀನಿ. ಜ್ವಾಳ ಮೊದಲಿಗಿಂತ ಒಂದು ಸೇರು ಜಾಸ್ತಿ ಇರತೈತಿ. ಯಾಕ ಅಂತ ಕೇಳಿದ್ದಕ್ಕ ಆಕಿ ಅಂದಳು: "ತೋಳ ಮತ್ತ ಬಂದ್ರ?"