ಆಶೀರ್ವಾದಕ್ಕೆ ಮೊದಲು ಯಾರನ್ನೂ ಹೊರಗೆ ಬಿಡದ ಹೆಬ್ಬಾತಿನವರಿಗೆ

ಚರ್ಚಿನ ಮುಂಬಾಗಿಲ ಮೂರನೆಯ ಮೆಟ್ಟಿಲಿನ ಮೇಲೆ ಕಾಯಂ ಬಿಡಾರ ಹೂಡಿರುವ, ನಮ್ಮ ಸಭೆಯ ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದಿದ್ದರೂ ಒಂದು ಭಾನುವಾರವನ್ನೂ ತಪ್ಪಿಸದ, ಪರಮ ಗೌರವಾನ್ವಿತ ಹೆಬ್ಬಾತಿನವರ ಸನ್ನಿಧಾನಕ್ಕೆ ಈ ಸಭೆಯ ಸಭಾಪಾಲಕನ ಬಹಿರಂಗ ಅರಿಕೆ.

ಮಾನ್ಯರೇ,

ತಮ್ಮ ಬೆಳ್ಳಗಿನ ಗರಿಗಳಿಗೆ ನಮಸ್ಕಾರ, ತಮ್ಮ ನೀಳವಾದ ಕುತ್ತಿಗೆಗೆ ನಮಸ್ಕಾರ, ತಮ್ಮ ಕೊಕ್ಕಿಗೆ ಮಾತ್ರ ಆರಡಿ ದೂರದಿಂದ ನಮಸ್ಕಾರ. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಬೆಳಗಿನಿಂದ ಅಂಗಳದಲ್ಲಿ ತಮ್ಮ ಕಂಠ ಕೇಳುತ್ತಲೇ ಇದೆ. ನನ್ನ ಕ್ಷೇಮದ ವಿಚಾರ ಹೇಳುವುದಾದರೆ, ಈ ಪತ್ರವನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಕಳೆದ ಭಾನುವಾರ ತಾವು ನನ್ನ ದೇಹದ ಯಾವ ಭಾಗಕ್ಕೆ ಕೃಪೆ ತೋರಿದಿರೋ ಆ ಭಾಗವಿಲ್ಲದೆ ಮನುಷ್ಯ ಕೂರಲಾರ ಎಂಬುದು ತಮಗೆ ತಿಳಿಯದಿರಬಹುದು.

ದೂರು ಇಷ್ಟೇ. ಒಂಬತ್ತು ವರ್ಷ ಇಲ್ಲಿ ಸೇವೆ ಮಾಡಿದ ನಾನು, ಕಳೆದ ಭಾನುವಾರ ಜನ ಕಡೆಯ ಗೀತೆ ಹಾಡುತ್ತಿರುವಾಗ, ಯಾರಿಗೂ ಹೇಳದೆ ಕೇಳದೆ, ಒಂದು ಸೂಟ್‌ಕೇಸು ಹಿಡಿದು ಬೇರೆ ಊರಿನ ಸಭೆಗೆ ವರ್ಗವಾಗಿ ಹೊರಟುಹೋಗುವುದೆಂದು ನಿರ್ಧರಿಸಿದ್ದೆ. ಹನ್ನೊಂದೂಕಾಲರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನೂ ಹಿಡಿಸಿದ್ದೆ. ಬಸ್ಸು ಹೋಯಿತು, ನಾನು ಹೋಗಲಿಲ್ಲ. ಇದಕ್ಕೆ ತಾವೊಬ್ಬರೇ ಹೊಣೆ. ಹಿಂದಿನ ಸಂಗತಿಗಳನ್ನು ತಾವು ಕಾಳಿನ ಗಡಿಬಿಡಿಯಲ್ಲಿ ಮರೆತಿರಬಹುದಾದ್ದರಿಂದ, ಒಂದೊಂದಾಗಿ ಜ್ಞಾಪಿಸುವ ಧೈರ್ಯ ಮಾಡುತ್ತೇನೆ.

ತಾವು ನಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ಮೊಟ್ಟೆ ಅಂಗಡಿಯವರು ಮನೆ ಬದಲಾಯಿಸುವಾಗ, "ಒಂದೇ ಒಂದು ವಾರ ನೋಡ್ಕೊಳ್ಳಿ ಪಾಸ್ಟ್ರೇ, ಪಾಪದ್ದು, ಯಾರ ತಂಟೆಗೂ ಹೋಗಲ್ಲ" ಎಂದು ತಮ್ಮನ್ನು ಅಂಗಳದಲ್ಲಿ ಇಳಿಸಿ ಹೋದರು. ಆಮೇಲೆ ಅವರ ಪತ್ತೆಯಿಲ್ಲ. ಈಗ ಯೋಚಿಸಿದರೆ, ಆ ಮನುಷ್ಯ ಗಾಡಿ ಹತ್ತುವಾಗ ಸ್ವಲ್ಪ ಕುಂಟುತ್ತಿದ್ದ.

ನಮ್ಮ ಕೀಲಿಕೈ ಅಜ್ಜಿ, ಎಂದರೆ ಚರ್ಚಿನ ಬೀಗ, ಗಂಟೆ, ಪೊರಕೆ ಮೂರನ್ನೂ ನಲವತ್ತು ವರ್ಷದಿಂದ ಯಾರ ಕೈಗೂ ಕೊಡದ ಮುದುಕಿ, ತಮಗೊಂದು ಪದ್ಧತಿ ಹಾಕಿಕೊಟ್ಟಳು. ಆರಾಧನೆಯ ಕೊನೆಗೆ ನಾನು ಆಶೀರ್ವಾದ ಹೇಳಬೇಕು, ಅವಳು ಗಂಟೆ ಹೊಡೆಯಬೇಕು, ಹೊಡೆದು ಹಿತ್ತಿಲಿಗೆ ಹೋಗಿ ಕಾಳಿನ ಪೆಟ್ಟಿಗೆ ತೆರೆದು ತಮಗೆ ಒಂದು ಹಿಡಿ ಎರಚಬೇಕು. ಇದರಿಂದ ತಾವು ತಮ್ಮದೇ ಆದ ಒಂದು ತೀರ್ಮಾನಕ್ಕೆ ಬಂದಿರಿ: ಗಂಟೆಗೆ ಮೊದಲು ಚರ್ಚಿನಿಂದ ಹೊರಬೀಳುವವನು ಯಾರೇ ಆಗಲಿ, ಆತ ತಮ್ಮ ಕಾಳು ಕದಿಯಲು ಹೊರಟ ಕಳ್ಳ. ಒಳಗೆ ಹೋಗುವವರನ್ನು ತಾವು ಕತ್ತೆತ್ತಿಯೂ ನೋಡುವುದಿಲ್ಲ. ಹೊರಗೆ ಬರುವವರನ್ನು ಬಿಡುವುದಿಲ್ಲ.

ನನಗೆ ಇದೊಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು: ಮೊದಲ ಏಳು ವರ್ಷ, ಕಡೆಯ ಗೀತೆ ಶುರುವಾದಾಗ ನೂರಿಪ್ಪತ್ತು ಜನರಿದ್ದರೆ, ನಾನು ಕಣ್ಣು ಮುಚ್ಚಿ ಹಾಡಿ ಕಣ್ಣು ತೆರೆಯುವಷ್ಟರಲ್ಲಿ ಮೂವತ್ತು ಜನ ಉಳಿಯುತ್ತಿದ್ದರು, ಅದರಲ್ಲೂ ನಾಲ್ಕು ಮಂದಿ ನಿದ್ದೆಯಲ್ಲಿರುತ್ತಿದ್ದರು. ಆಮೇಲೊಂದು ಭಾನುವಾರ ಕಣ್ಣು ತೆರೆದರೆ ನೂರಿಪ್ಪತ್ತಕ್ಕೆ ನೂರಿಪ್ಪತ್ತೂ ಇದ್ದಾರೆ, ಎಲ್ಲರೂ ನೆಟ್ಟಗೆ ಕೂತು ಬಾಗಿಲ ಕಡೆ ನೋಡುತ್ತಿದ್ದಾರೆ. ಆ ನೋಟವನ್ನು ನಾನು ಭಕ್ತಿ ಎಂದುಕೊಂಡೆ ಮಹಾಸ್ವಾಮಿ. ನನ್ನ ಪ್ರಸಂಗ, ಅಂದರೆ ಭಾನುವಾರದ ಬೋಧನೆ, ಕೊನೆಗೂ ಜನರ ಎದೆಗೆ ನಾಟಿತೆಂದು ಉಬ್ಬಿಹೋದೆ. ಮುಖ್ಯ ಕಚೇರಿಗೆ ವರದಿ ಬರೆದೆ. ಅವರೂ ಉಬ್ಬಿ, "ಜನರನ್ನು ಕೊನೆಯವರೆಗೆ ಕೂರಿಸುವುದು ಹೇಗೆ" ಎಂದು ನಲವತ್ತು ಮಂದಿ ಸಭಾಪಾಲಕರಿಗೆ ಉಪನ್ಯಾಸ ಕೊಡಲು ಕರೆಸಿದರು. ಒಂದೂವರೆ ಗಂಟೆ ಮಾತಾಡಿದೆ. ಇಪ್ಪತ್ತಾರು ಮಂದಿ ನಡುವೆ ಎದ್ದುಹೋದರು. ಅಂದಾದರೂ ನನಗೆ ಬುದ್ಧಿ ಬರಬೇಕಿತ್ತು.

ಇನ್ನು ದರ್ಜಿಯವರ ಅಂತ್ಯಕ್ರಿಯೆಯ ಪ್ರಸ್ತಾಪವಿಲ್ಲದೆ ಈ ದೂರು ಪೂರ್ಣವಾಗದು. ತಾವು ಬರುವ ಮೊದಲೇ ಹಾಸಿಗೆ ಹಿಡಿದ ದರ್ಜಿಯವರು ಓಡಾಡುತ್ತಿದ್ದಾಗ ಮೂವತ್ತು ವರ್ಷ, ಒಮ್ಮೆಯೂ ತಪ್ಪದೆ, ಕಡೆಯ ಗೀತೆಯ ಎರಡನೇ ಚರಣಕ್ಕೆ ಎದ್ದುಹೋಗುತ್ತಿದ್ದವರು. ಅವರ ಪೆಟ್ಟಿಗೆಯನ್ನು ಆರು ಜನ ಹೊತ್ತು ಹೊರಟರು. ಆಶೀರ್ವಾದವನ್ನು ಸಮಾಧಿಯ ಬಳಿ ಹೇಳುವುದು ನಮ್ಮ ಕ್ರಮ. ತಮಗೆ ಆ ಕ್ರಮ ಒಪ್ಪಿಗೆಯಾಗಲಿಲ್ಲ. ತಾವು ರೆಕ್ಕೆ ಬಿಚ್ಚಿ ಬುಸುಗುಟ್ಟಿದಿರಿ, ಮುಂದಿನ ಇಬ್ಬರು ಹಿಂದೆ ಸರಿದರು, ಹಿಂದಿನವರು ಇನ್ನೂ ಹಿಂದೆ ಸರಿದರು, ದರ್ಜಿಯವರು ಮತ್ತೆ ಒಳಗೆ ಬಂದರು. ನಾನು ಅಲ್ಲೇ ಆಶೀರ್ವಾದ ಹೇಳಿ, ಅಜ್ಜಿ ಗಂಟೆ ಹೊಡೆದ ಮೇಲೆ ಎರಡನೇ ಸಲ ಕಳಿಸಿಕೊಡಬೇಕಾಯಿತು. ಅವರ ಹೆಂಡತಿ ಅಳುತ್ತಾ ಅಳುತ್ತಾ ನಕ್ಕುಬಿಟ್ಟು, "ಇವತ್ತಾದ್ರೂ ಪೂರ್ತಿ ಇದ್ರಲ್ಲ, ಪುಣ್ಯಾತ್ಮ" ಅಂದರು. ತಾವು ಹೆಣ ಹೊತ್ತವರನ್ನು ಕಂಡು ಹೆದರಿರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ. ಆಗಲೂ ತಮ್ಮ ಮೇಲೆ ಅನುಮಾನ ಬರಲಿಲ್ಲ, ನೋಡಿ ನನ್ನ ದೊಡ್ಡತನ.

ನಿಜ ಹೇಳಿದವರು ಹಲ್ಲಿನ ಡಾಕ್ಟರು. ಅವರು ನಮ್ಮ ಸಭೆಯವರೇ, ಬಾಗಿಲ ಪಕ್ಕದ ಕೊನೆಯ ಬೆಂಚಿನವರು. ಅವರ ಕುರ್ಚಿಯಲ್ಲಿ ನಾನು ಬಾಯಿ ಅಗಲಿಸಿ ಮಲಗಿದ್ದಾಗ, ಈ ಮನುಷ್ಯ ಈಗ ತಿರುಗಿ ಮಾತಾಡಲಾರ ಎಂಬ ಧೈರ್ಯದಿಂದಲೋ ಏನೋ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದರು: "ತಪ್ಪು ತಿಳ್ಕೋಬೇಡಿ ಪಾಸ್ಟ್ರೇ, ಮೂರು ಸಲ ತಪ್ಪಿಸ್ಕೊಳ್ಳೋಕೆ ನೋಡಿದೆ. ಮೂರು ಸಲನೂ ನಿಮ್ಮ ಹೆಬ್ಬಾತು ಮೀನಖಂಡಕ್ಕೇ ಬಾಯಿ ಹಾಕ್ತು. ಎಲ್ಲರದ್ದೂ ಅದೇ ಕಥೆ. ಇಲ್ಲಾಂದ್ರೆ ಅಷ್ಟು ಹೊತ್ತು ಯಾರು ಕೂರ್ತಾರೆ ಹೇಳಿ." ಪ್ಯಾಂಟು ಎತ್ತಿ ಗುರುತನ್ನೂ ತೋರಿಸಿದರು. ನಾನು "ಆ, ಆ" ಎಂದೆ. ಅವರು ನೋವಾಯಿತೆಂದು ತಿಳಿದು ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಮನೆಗೆ ಬಂದವನು ಅರ್ಧ ಮುಖ ಮರಗಟ್ಟಿರುವಾಗಲೇ ವರ್ಗಾವಣೆಗೆ ಅರ್ಜಿ ಬರೆದೆ. ಮಾನ್ಯರೇ, ಇಲ್ಲಿ ಸ್ವಲ್ಪ ಹೊತ್ತು ವ್ಯಂಗ್ಯ ಬಿಟ್ಟು ಹೇಳುತ್ತೇನೆ. ನನಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು. ಒಂಬತ್ತು ವರ್ಷ ಈ ಜನರ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟು, ಜಗಳ ಬಿಡಿಸಿ, ಆಸ್ಪತ್ರೆಯ ಬೆಂಚುಗಳ ಮೇಲೆ ಅವರ ಜೊತೆ ಕೂತಿದ್ದೆ. ಅವರು ನನ್ನ ಎದುರು ಕೂತಿದ್ದು ಒಂದು ಹಕ್ಕಿಯ ಭಯಕ್ಕೆ ಎಂದ ಮೇಲೆ, ಅವರ ಮುಖಕ್ಕೆ ಮುಖ ಕೊಟ್ಟು ಬೀಳ್ಕೊಡುಗೆಯ ಹಾರ ಹಾಕಿಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಹೇಳಿದೆ. ಅವಳು, "ಕಳ್ಳನ ಥರ ಹೋಗೋದಾದ್ರೆ ನೀವು ಹೋಗಿ, ನಾನು ಎಲ್ಲರ ಹತ್ರ ಹೇಳಿಯೇ ಬರ್ತೀನಿ" ಎಂದವಳು ಆ ಭಾನುವಾರ ಚರ್ಚಿನ ಮೊದಲ ಬೆಂಚಿನಲ್ಲಿ ಕೂತುಬಿಟ್ಟಳು.

ಒಂಬತ್ತು ಚರಣಗಳ ಗೀತೆಯನ್ನು ಆರಿಸಿದ್ದೆ. ವಿದಾಯದ ಪತ್ರವನ್ನು ಸಭೆಯ ಹಿರಿಯರಾದ ನಿವೃತ್ತ ಹೆಡ್‌ಮೇಡಂ ಅವರ ಗೀತೆ ಪುಸ್ತಕದೊಳಗೆ ಸೇರಿಸಿದ್ದೆ. ಮೊದಲ ಚರಣಕ್ಕೆ ಹಿಂದಿನ ಕೋಣೆಗೆ ಜಾರಿ, ಎರಡನೆಯದಕ್ಕೆ ಸೂಟ್‌ಕೇಸು ಎತ್ತಿ, ಮೂರನೆಯದಕ್ಕೆ ಹಿಂಬಾಗಿಲು ತೆರೆದೆ. ತಾವು ಮುಂಬಾಗಿಲಲ್ಲಿರುತ್ತೀರಿ ಎಂಬ ಲೆಕ್ಕ ನನ್ನದು. ಹಿಂಬಾಗಿಲ ಎದುರೇ ಕಾಳಿನ ಪೆಟ್ಟಿಗೆ ಇದೆ ಎಂಬುದು, ಮತ್ತು ಅದರ ಪಕ್ಕ ಚೀಲ ಹಿಡಿದು ನಿಂತವನನ್ನು ತಾವು ಏನೆಂದು ಭಾವಿಸುವಿರಿ ಎಂಬುದು, ಒಂಬತ್ತು ವರ್ಷ ದೇವಶಾಸ್ತ್ರ ಬೋಧಿಸಿದ ತಲೆಗೆ ಹೊಳೆಯಲಿಲ್ಲ. ಚರ್ಚನ್ನು ಸುತ್ತಿಕೊಂಡು ತಾವು ರಭಸದಿಂದ ಬಂದಿರಿ. ನಿಲುವಂಗಿ ಎತ್ತಿಕೊಂಡು ಪೆಟ್ಟಿಗೆ ಹತ್ತಿದೆ. ಸೂಟ್‌ಕೇಸು ಬಿದ್ದು ಬಾಯಿ ಬಿಟ್ಟಿತು, ನನ್ನ ಒಳ ಅಂಗಿಗಳನ್ನು ತಾವು ಒಂದೊಂದಾಗಿ ತಪಾಸಣೆ ಮಾಡಿದಿರಿ.

ಅಲ್ಲಿಂದ ಮುಂದಿನ ಹದಿನೈದು ನಿಮಿಷಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಗೀತೆ ಮುಗಿಯಿತು, ಒಳಗೆ ಸದ್ದಡಗಿತು. ಗಂಟೆ ಹೊಡೆಯದೆ ತಾವು ಕದಲುವುದಿಲ್ಲ, ಆಶೀರ್ವಾದವಾಗದೆ ಅಜ್ಜಿ ಗಂಟೆ ಹೊಡೆಯುವುದಿಲ್ಲ, ನಾನು ಒಳಗೆ ಹೋಗದೆ ಆಶೀರ್ವಾದವಾಗುವುದಿಲ್ಲ, ತಾವು ಕದಲದೆ ನಾನು ಇಳಿಯುವುದಿಲ್ಲ. ಒಳಗೆ ಹೋಗುವವರಿಗೆ ತಮ್ಮ ಅಡ್ಡಿಯಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಬಸ್ಸಿನ ಹಾರನ್ ಕೇಳಿ ನಿಂತಿತ್ತು. ಇಳಿದು ಬಾಗಿಲ ಕಡೆ ತಿರುಗಿದೆ. ತಾವು ಮರ್ಯಾದೆಯಿಂದ ದಾರಿ ಬಿಟ್ಟಿರಿ, ಮೇಲೆ ಹೇಳಿದ ಕೃಪೆಯನ್ನು ಹಿಂದಿನಿಂದ ಒಂದೇ ಸಲ ತೋರಿಸಿ.

ಚರ್ಚು ಖಾಲಿಯಾಗಿರುತ್ತದೆ ಎಂದುಕೊಂಡೇ ಒಳಗೆ ಬಂದೆ. ಹದಿನೈದು ನಿಮಿಷ ಮುಂಬಾಗಿಲಲ್ಲಿ ಕಾವಲಿರಲಿಲ್ಲ. ಬಾಗಿಲು ಹಾರುಹೊಡೆದಿತ್ತು, ಮೆಟ್ಟಿಲ ಮೇಲೆ ಬರೀ ಬಿಸಿಲಿತ್ತು. ನೂರಿಪ್ಪತ್ತು ಜನರೂ ಕೂತಿದ್ದರು. ಹೆಡ್‌ಮೇಡಂ ನನ್ನ ಪತ್ರವನ್ನು ಗಟ್ಟಿಯಾಗಿ ಓದಿ ಮುಗಿಸಿ, ಎರಡು ವಾಕ್ಯಗಳಿಗೆ ಕೆಂಪು ಗೀಟು ಹಾಕಿದ್ದರು. ನಾನು ಹಲ್ಲಿನ ಡಾಕ್ಟರನ್ನೇ ಕೇಳಿದೆ, ನೀವೂ ಹೋಗಲಿಲ್ಲವೇ ಎಂದು. ಅವರು ನೆಲ ನೋಡುತ್ತಾ, "ಹೋಗಿ ನೋಡಿ ಬಂದೆ ಪಾಸ್ಟ್ರೇ, ಅದು ಇರಲಿಲ್ಲ. ಆದ್ರೆ ಆಶೀರ್ವಾದ ಆಗಿರಲಿಲ್ವಲ್ಲ, ಹೇಗೆ ಹೋಗೋದು?" ಅಂದರು. ದರ್ಜಿಯವರ ಹೆಂಡತಿ ಎದ್ದು ನಿಂತು, "ನಮ್ಮನೆಯೋರನ್ನ ಎರಡೆರಡು ಸಲ ಕಳಿಸಿಕೊಟ್ರಿ. ನಿಮ್ಮನ್ನ ಒಂದು ಸಲ ಕಳಿಸಿಕೊಡೋಕೂ ನಾವು ಬೇಡವಾ?" ಎಂದು ಗದರಿದರು.

ನಾನು ಅತ್ತುಬಿಟ್ಟೆ, ಮಾನ್ಯರೇ. ಹರಿದ ನಿಲುವಂಗಿಯನ್ನು ಹಿಂದಿನಿಂದ ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈ ಎತ್ತಿ ಆಶೀರ್ವಾದ ಶುರುಮಾಡಿದರೆ ಸಾವಿರ ಸಲ ಹೇಳಿದ ಮಾತು ಮರೆತುಹೋಯಿತು. ಅವರೇ ಎಲ್ಲರೂ ಸೇರಿ ಅದನ್ನು ನನಗೆ ಹೇಳಿ ಮುಗಿಸಿದರು. ಅಜ್ಜಿ ಗಂಟೆ ಹೊಡೆದಳು. ತಮಗೆ ಕಾಳು ಸಿಕ್ಕಿತು. ನನ್ನ ಹೆಂಡತಿ ಹಿತ್ತಿಲಿಗೆ ಹೋಗಿ ಒಳ ಅಂಗಿಗಳನ್ನು ಆರಿಸಿ ತಂದಳು, ಮನೆಗೆ ಬಂದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ವರ್ಗಾವಣೆಯನ್ನು ರದ್ದು ಮಾಡಿಸಿದ್ದೇನೆ. ಆದುದರಿಂದ ನಾವಿಬ್ಬರೂ ಒಂದೇ ಅಂಗಳದಲ್ಲಿ ಬಾಳಬೇಕಾಗಿದೆ, ಹಾಗಾಗಿ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ಬರುವ ಭಾನುವಾರ ಸ್ವಇಚ್ಛೆಯಿಂದ ರಜೆ ಹಾಕಬೇಕು, ಆ ದಿನ ಕೊನೆಯವರೆಗೆ ಎಷ್ಟು ಜನ ಉಳಿದರೆಂದು ನಾನು ಹೇಳಿದಾಗ ನಂಬಬೇಕು, ಅಕಸ್ಮಾತ್ ಮೂವತ್ತೇ ಜನ ಉಳಿದರೆ ಯಾರಿಗೂ ಹೇಳಬಾರದು. ಹೆಣ ಹೊತ್ತವರಿಗೂ ಗರ್ಭಿಣಿಯರಿಗೂ ವಿನಾಯಿತಿ ಕೊಡಬೇಕು. ನನ್ನ ಪ್ರಸಂಗ ನಲವತ್ತು ನಿಮಿಷ ದಾಟಿದರೆ ಜನರ ಬದಲು ನನ್ನ ಕಡೆ ಬುಸುಗುಟ್ಟಬೇಕೆಂದು ಹೆಡ್‌ಮೇಡಂ ಸೇರಿಸಲು ಹೇಳಿದ್ದಾರೆ. ಆ ವಿನಂತಿಯನ್ನು ತಾವು ಓದದೆ ಬಿಟ್ಟರೂ ನಡೆಯುತ್ತದೆ.

ಇಂತು, ಇನ್ನೂ ನಿಂತೇ ಇರುವ,
ತಮ್ಮ ವಿಶ್ವಾಸಿ,
ಸಭಾಪಾಲಕ

ವಿ.ಸೂ.: ವರ್ಗಾವಣೆ ಬೇಡವೆಂಬುದಕ್ಕೆ ಕಾರಣ ಕೇಳಿದ ಮುಖ್ಯ ಕಚೇರಿಗೆ ನಾನು ಇದ್ದದ್ದು ಇದ್ದ ಹಾಗೆ ಬರೆದೆ. "ಹಾಗಾದರೆ ಆ ಊರಿಗೆ ತಾವು ಹೋಗುವುದು ಬೇಡ, ಹೆಬ್ಬಾತನ್ನು ಕಳುಹಿಸಿ" ಎಂದು ನಿನ್ನೆ ಉತ್ತರ ಬಂದಿದೆ. ಸಭೆಯಲ್ಲಿ ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಹೋಗುವುದೂ ಬಿಡುವುದೂ ತಮ್ಮ ಇಷ್ಟ. ಆದರೆ ಯಾರಿಗೂ ಹೇಳದೆ ಕೇಳದೆ ಹೊರಟುಬಿಡುವ ಯೋಚನೆ ಏನಾದರೂ ಇದ್ದರೆ ಈಗಲೇ ತಿಳಿಸಿಬಿಡುತ್ತೇನೆ: ಹಿಂಬಾಗಿಲಲ್ಲಿ ನಾನು ನಿಂತಿರುತ್ತೇನೆ, ನನಗೂ ಹಲ್ಲುಗಳಿವೆ, ಡಾಕ್ಟರು ಮೊನ್ನೆ ತಾನೇ ಗಟ್ಟಿ ಮಾಡಿಕೊಟ್ಟಿದ್ದಾರೆ.