ಇಪ್ಪತ್ತೊಂದು ಹೆಸರು

ಎಲ್ಲ ಶುರುವಾದದ್ದು ಒಂದು ಹಂಡೆ ನೀರಿನಿಂದ. ಆ ಬೀದಿಯ ಪ್ರಾರ್ಥನೆ ಮನೆಯಲ್ಲಿ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಬಂದವರೆಲ್ಲ ಒಂದೇ ಹಂಡೆಯಿಂದ ಒಂದೊಂದು ಬೊಗಸೆ ನೀರು ಕುಡಿದು ಮನೆಗೆ ಹೋಗುವುದು ರೂಢಿ. ಅದೇ ಬೀದಿಯ ಹದಿನಾಲ್ಕು ಜನಕ್ಕೆ ಮೂರು ದಿನದಿಂದ ವಾಂತಿ ಭೇದಿ. ಎರಡನ್ನೂ ಸೇರಿಸಿ ಗಂಟು ಹಾಕಲು ಆರೋಗ್ಯ ಕಚೇರಿಯ ದೊಡ್ಡ ಡಾಕ್ಟರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಅವರು ಸೀಸೆ ಅಣ್ಣನನ್ನು ಕರೆದರು. ಕಚೇರಿಯಲ್ಲಿ ನೀರು ಪರೀಕ್ಷೆ ಮಾಡುವವನು ಅವನು. ಹೆಗಲ ಚೀಲದಲ್ಲಿ ಯಾವಾಗಲೂ ಸೀಸೆಗಳು ಕಣಕಣ ಅನ್ನುತ್ತಿದ್ದುದರಿಂದ, ಅವನು ತಿರುವಿನಲ್ಲಿ ಕಾಣುವ ಮೊದಲೇ ಬೀದಿಗೆ ಕೇಳಿಸುತ್ತಿದ್ದ.

“ಸಂಜೆ ಐದರೊಳಗೆ ಆ ಹಂಡೆಗೆ ಬೀಗ ಬೀಳಬೇಕು. ಇಲ್ಲಾಂದ್ರೆ ನಿನ್ನ ವರ್ಗಾವಣೆ ಕಾಗದ ಇಲ್ಲೇ ಇದೆ, ಸಹಿ ಒಂದೇ ಬಾಕಿ,” ಎಂದರು ಡಾಕ್ಟರು.

ಸೀಸೆ ಅಣ್ಣ ಆ ಕಾಗದವನ್ನೊಮ್ಮೆ ನೋಡಿ ಚೀಲ ಹೆಗಲಿಗೇರಿಸಿದ. ಒಂಬತ್ತು ವರ್ಷದಲ್ಲಿ ಆರು ಊರು ತಿರುಗಿದವನು ಅವನು. ಈ ಊರಿಗೆ ಬಂದ ದಿನವೇ ಹೆಂಡತಿ ಪಾತ್ರೆ ಕಟ್ಟುವ ಹಗ್ಗವನ್ನು ಒಲೆಗೆ ಹಾಕಿದ್ದಳು. ಇನ್ನೊಂದು ಸಲ ವರ್ಗ ಆದರೆ ನೀವೊಬ್ಬರೇ ಹೋಗಿ, ನಾನೂ ಮಕ್ಕಳೂ ಇಲ್ಲೇ ಇರುತ್ತೇವೆ ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಬೀಗ ಹಾಕಲೂ ಒಂದು ನಿಯಮವಿತ್ತು. ಹನ್ನೆರಡು ಪ್ರಶ್ನೆಯ ಒಂದು ಫಾರಂ ತುಂಬಬೇಕು. ನೀರು ಎಲ್ಲಿಯದು, ಯಾರು ಮುಟ್ಟುತ್ತಾರೆ, ಯಾರು ಯಾವಾಗ ಕುಡಿದರು, ಹೀಗೆ. ಫಾರಂ ಹಿಡಿದು ಅವನು ಪ್ರಾರ್ಥನೆ ಮನೆಗೆ ಹೋದ.

ಆ ಮನೆಯ ಉಸ್ತುವಾರಿ ಒಬ್ಬ ಅಜ್ಜಿಯದು. ಒಣಗಿದ ಸೌದೆಯಂಥ ಮೈ, ನೆನಪು ಮಾತ್ರ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಹಂಡೆ ನೋಡಬೇಕು ಎಂದಾಗ ಆಕೆ ಎದ್ದು ನಿಂತು ದಾರಿಗೆ ಅಡ್ಡವಾದಳು.

“ನೋಡು ಮಗಾ, ಯಾರು ಬೇಡ ಅಂದ್ರು? ಆದ್ರೆ ಮೊದ್ಲು ಕ್ರಮ ಆಗ್ಬೇಕು.”

ಕ್ರಮವೆಂದರೆ ಅಂಗಳದಲ್ಲಿ ಕಾಲು ತೊಳೆದು, ಬೂದಿಯಿಂದ ಮೊಣಕೈವರೆಗೆ ಕೈ ಉಜ್ಜಿಕೊಳ್ಳುತ್ತ ಇಪ್ಪತ್ತೊಂದು ಹೆಸರು ಹೇಳುವುದು. ಹೆಸರು ಮುಗಿಯುವವರೆಗೆ ಉಜ್ಜುವುದು ನಿಲ್ಲಬಾರದು. ಒಂದು ಹೆಸರು ತಪ್ಪಿದರೂ ಮತ್ತೆ ಮೊದಲಿಂದ.

ಅಜ್ಜಿ ಹೇಳಿಕೊಟ್ಟಳು, ಅವನು ಹೇಳಿದ. ಅವಸರದ ಅಳಿಯ, ನಿದ್ದೆಗಣ್ಣಿನ ನೇಕಾರ, ಮರೆಗುಳಿ ಮಾವ, ಸೆರಗು ಹಿಂಡುವ ಸೊಸೆ… ಒಂಬತ್ತನೆಯದಕ್ಕೆ ನಾಲಗೆ ತೊಡರಿತು. ಎದುರಂಗಡಿಯ ದರ್ಜಿ ಹೊಲಿಗೆ ಬಿಟ್ಟು, ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದು ನಿಂತಿದ್ದ.

“ಒಂದು ಬಿಟ್ರಿ. ಮೊದಲಿಂದ,” ಎಂದ ದರ್ಜಿ.

ಎರಡನೆಯ ಸಲ ಹದಿಮೂರಕ್ಕೆ ತಪ್ಪಿತು. ಅಷ್ಟರಲ್ಲಿ ಕ್ಷೌರಿಕನೂ ಬಂದ, ಅವನ ಹಿಂದೆ ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೂ ಬಂದ. ಹದಿನಾಲ್ಕನೆಯ ಹೆಸರು ಮೊದಲೋ ಹದಿನೈದನೆಯದು ಮೊದಲೋ ಎಂದು ದರ್ಜಿಗೂ ಕ್ಷೌರಿಕನಿಗೂ ವಾದ ಹತ್ತಿತು. ಅದು ತೀರುವವರೆಗೆ ಸೀಸೆ ಅಣ್ಣ ಉಜ್ಜುತ್ತಲೇ ಇರಬೇಕಾಯಿತು. ಐದನೆಯ ಸಲ ಇಪ್ಪತ್ತೊಂದೂ ದಾಟಿದಾಗ ಅವನ ಕೈ, ಮದುವೆಗೆ ಬೆಳಗಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು. ಹಿಂದಿನ ಕಾಲದ ಪುಣ್ಯವಂತರು ಎಷ್ಟು ದೊಡ್ಡವರು, ಇಂಥ ಅಡ್ಡಹೆಸರುಗಳಲ್ಲೇ ಉಳಿದುಕೊಳ್ಳಲು ಒಪ್ಪಿದ್ದಾರಲ್ಲ ಎಂದು ಅವನಿಗೆ ಭಕ್ತಿಯೂ ಹುಟ್ಟಿತ್ತು.

ಒಳಗೆ ಹೋಗಿ ಫಾರಂ ತೆಗೆದ. ನೀರು ಕುದಿಸುತ್ತೀರಾ ಎಂದು ಕೇಳಿದ. ಕೋಳಿ ಕೂಗುವ ಹೊತ್ತಿಗೆ ಒಲೆ ಹಚ್ಚಿ, ಬಾಗಿಲಿನ ದೀಪದಲ್ಲಿ ಎಣ್ಣೆ ತೀರುವವರೆಗೆ ಕುದಿಸುತ್ತೇನೆ ಎಂದಳು ಅಜ್ಜಿ. ಮುಚ್ಚಿಡುತ್ತೀರಾ ಎಂದ. ನಾಲ್ಕು ಮಡಿಕೆಯ ಬಿಳಿ ಬಟ್ಟೆ, ಅದನ್ನೂ ಹಂಡೆಯ ಜೊತೆಗೇ ಕುದಿಸುವುದು. ಲೋಟ ಅದ್ದುತ್ತೀರಾ ಎಂದ. ಆಕೆ ಮೊಳದುದ್ದ ಹಿಡಿಯ ಸವುಟು ತೋರಿಸಿದಳು. ಅದರಿಂದ ಎತ್ತರದಲ್ಲಿ ಹಿಡಿದು ಬೊಗಸೆಗೆ ಹೊಯ್ಯುವುದು, ಯಾರ ತುಟಿಯೂ ಯಾರ ಬೆರಳೂ ನೀರಿಗೆ ತಾಕುವುದಿಲ್ಲ.

ಸೀಸೆ ಅಣ್ಣ ಪೆನ್ನು ಹಿಡಿದುಕೊಂಡೇ ಕುಳಿತ. ಒಂಬತ್ತು ವರ್ಷದ ನೌಕರಿಯಲ್ಲಿ ಇಷ್ಟು ಚೊಕ್ಕ ನೀರನ್ನು ಅವನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

“ಇದನ್ನೆಲ್ಲ ಯಾರು ಮಾಡಿದ್ರು ಅಜ್ಜಿ?”

ನಮ್ಮತ್ತೆಯ ಅತ್ತೆ, ಎಂದು ಅಜ್ಜಿ ನಿಧಾನವಾಗಿ ಹೇಳಿದಳು. ಒಂದು ವರ್ಷ ಇದೇ ರೋಗ ಬಂದು ಅರ್ಧ ಬೀದಿ ಖಾಲಿಯಾಯಿತಂತೆ. ಆಕೆಯ ಮನೆಯಲ್ಲಿ ಮಾತ್ರ ಒಬ್ಬರೂ ಹೋಗಲಿಲ್ಲ. ಆಕೆ ಮನೆಮನೆಗೆ ಹೋಗಿ ನೀರು ಕುದಿಸಿರಪ್ಪಾ ಎಂದರೆ ಜನ ಸೌದೆ ಎಲ್ಲಿ, ಹೊತ್ತೆಲ್ಲಿ ಎಂದರಂತೆ. ಮಾರನೆಯ ದಿನ ಅದನ್ನೇ ತಂದು ಪ್ರಾರ್ಥನೆಗೆ ಸೇರಿಸಿಬಿಟ್ಟಳು.

“ಕಾರಣ ಹೇಳಿದ್ರೆ ಜನ ವಾದ ಮಾಡ್ತಾರೆ ಮಗಾ. ಕ್ರಮ ಅಂದ್ರೆ ಮಾಡ್ತಾರೆ.”

ಫಾರಂನಲ್ಲಿ ಹನ್ನೊಂದು ಪ್ರಶ್ನೆ ಮುಗಿದಿತ್ತು, ಹಂಡೆಯ ಮೇಲೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಗಡಿಯಾರ ನಾಲ್ಕು ಹೊಡೆಯಿತು. ಕೊನೆಯ ಆಸೆಯಿಂದ ಹನ್ನೆರಡನೆಯದನ್ನು ಕೇಳಿದ: ಕಾಯಿಲೆ ಬಿದ್ದ ಹದಿನಾಲ್ಕು ಜನ ಇಲ್ಲಿ ಯಾವಾಗ ಕುಡಿದರು?

ಅಜ್ಜಿ ಬೆರಳು ಮಡಚುತ್ತ ಹದಿನಾಲ್ಕು ಜನರನ್ನೂ ಮನೆ ಸಮೇತ ಹೇಳಿದಳು. “ಇವ್ರ‍್ಯಾರೂ ಸೋಮವಾರ ಇಲ್ಲಿಗೆ ಬರ್ಲೇ ಇಲ್ವಲ್ಲ. ಅವತ್ತು ಪ್ರಾರ್ಥನೆ ಹೊತ್ಗೇ ನಿಮ್ಮ ಕಚೇರೀಲಿ ಸಭೆ ಇತ್ತು. ಬಿಸ್ಕತ್ತು ಕೊಡ್ತಾರೆ ಅಂತ ಅಲ್ಲಿಗೆ ಹೋದ್ರು. ನನ್ನ ಹಂಡೆ ನೀರು ಅರ್ಧ ಹಂಗೇ ಉಳೀತು.”

ಸೀಸೆ ಅಣ್ಣ ಇಂಗು ತಿಂದ ಮಂಗನಂತಾದ. ಸೋಮವಾರದ ಸಭೆ ಅವನಿಗೆ ಚೆನ್ನಾಗಿ ನೆನಪಿತ್ತು, ಭಾಷಣ ಅವನದೇ. ವಿಷಯ, ಕೈ ತೊಳೆಯುವುದು ಹೇಗೆ. ಬೆಳಿಗ್ಗೆ ಸಂತೆಯ ಹಿಂದಿನ ಚರಂಡಿಯಿಂದ ಸೀಸೆ ತುಂಬಿಕೊಂಡು ಓಡೋಡಿ ಬಂದಿದ್ದ. ಜನ ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದಾಗ, ಕುಡಿಯುವ ನೀರಿನ ಡ್ರಮ್ಮಿಗೆ ಕಟ್ಟಿದ್ದ ಲೋಟದ ಸರಪಳಿ ಕಳಚಿ ಲೋಟ ಒಳಗೆ ಬಿತ್ತು. ತೋಳು ಮಡಚಿ ಮೊಣಕೈವರೆಗೆ ಕೈ ಹಾಕಿ ಅದನ್ನು ತೆಗೆದವನು ಅವನೇ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರಾದ ಕೈ ನೇರ ಹದಿನಾಲ್ಕು ಹೊಟ್ಟೆ ಸೇರಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹಂಡೆಗೆ ಬೀಗ ಹಾಕಿದರೆ ಮನೆ ಉಳಿಯುತ್ತದೆ. ನಿಜ ಬರೆದರೆ ಏಳನೆಯ ಊರು. ಅವನು ಬಹಳ ಹೊತ್ತು ಹಂಡೆಯ ಬಿಳಿ ಬಟ್ಟೆಯನ್ನೇ ನೋಡಿದ. ಅಜ್ಜಿ ಒಂದು ಬೊಗಸೆ ನೀರು ಹೊಯ್ದಳು. ಕುಡಿದು, ಬಾಯಿ ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದ. ಫಾರಂನಲ್ಲೂ ಹಾಗೇ ಬರೆದ.

ಐದು ಗಂಟೆಗೆ ಡಾಕ್ಟರು ಫಾರಂ ಎರಡು ಸಲ ಓದಿದರು. ಡ್ರಮ್ಮು ಖಾಲಿ ಮಾಡಿಸಿದರು. ಆಮೇಲೆ ವರ್ಗಾವಣೆ ಕಾಗದ ಹರಿದು ಬುಟ್ಟಿಗೆ ಹಾಕಿದರು. ತನ್ನ ತಪ್ಪನ್ನು ತಾನೇ ಬರೆದುಕೊಟ್ಟ ನೌಕರನನ್ನು ಮೊದಲ ಸಲ ನೋಡುತ್ತಿದ್ದೇನೆ, ನಿನ್ನನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದರು. ಅವನು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದ.

ಮರುದಿನ ಬೆಳಿಗ್ಗೆ ಡಾಕ್ಟರು ಇಡೀ ಕಚೇರಿಯನ್ನು ಕ್ರಮ ಕಲಿಯಲು ಅಜ್ಜಿಯ ಅಂಗಳಕ್ಕೆ ಕರೆತಂದರು. ಎಲ್ಲರ ಕೈಯಲ್ಲೂ ಬೂದಿ. ಹೆಸರು ಹೇಳುವ ಮೊದಲು ಡಾಕ್ಟರು ವಿನಯದಿಂದ ಕೇಳಿದರು, ಇವರೆಲ್ಲ ನಿಮ್ಮ ಹಿರಿಯ ಗುರುಗಳೇ ಎಂದು.

“ಗುರುಗಳೂ ಇಲ್ಲ, ಏನೂ ಇಲ್ಲ,” ಎಂದಳು ಅಜ್ಜಿ. “ತೊಳೀದೆ ನೀರಿಗೆ ಕೈ ಹಾಕಿದವ್ರು. ಮರೀಬಾರ್ದು ಅಂತ ಇಟ್ಕೊಂಡಿದ್ದೀವಿ. ಎಪ್ಪತ್ತು ವರ್ಷದಿಂದ ಇಪ್ಪತ್ತೊಂದೇ ಇತ್ತು, ಪಾಪ. ಇವತ್ತಿಂದ ಇಪ್ಪತ್ತೆರಡು.”

ಹೊಸ ಹೆಸರು ಯಾವುದೆಂದು ಯಾರೂ ಕೇಳಬೇಕಾಗಲಿಲ್ಲ. ಇಡೀ ಅಂಗಳ ಒಂದೇ ಕೊರಳಲ್ಲಿ ಅದನ್ನು ಹೇಳಿತು. ಪ್ರಾರ್ಥನೆಗೆ ಬಂದಿದ್ದ ಅವನ ಹೆಂಡತಿಯ ದನಿಯೇ ಎಲ್ಲಕ್ಕಿಂತ ಮೇಲಿತ್ತು.

ಮಧ್ಯಾಹ್ನ ಅವನು ತಾನೇ ಒಂದು ಅರ್ಜಿ ಬರೆದ: ದಯವಿಟ್ಟು ನನ್ನನ್ನು ಎಷ್ಟು ದೂರದ ಊರಿಗಾದರೂ ಸರಿ, ವರ್ಗ ಮಾಡಬೇಕು. ಡಾಕ್ಟರು ಕಾಗದ ಮುಟ್ಟಲಿಲ್ಲ.

“ಅರ್ಜಿ ಆಮೇಲೆ. ಮೊದಲು ಕೈ ತೊಳ್ಕೊಂಡು ಬಾ.”

ಕಚೇರಿಯ ನಲ್ಲಿಯ ಪಕ್ಕದಲ್ಲಿ ಆಗಲೇ ಬೂದಿಯ ಡಬ್ಬಿ ಬಂದಿತ್ತು. ಅತ್ತ ಇತ್ತ ನೋಡಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಅವನು ಮೆಲ್ಲಗೆ ಉಜ್ಜುತ್ತ ಶುರುಮಾಡಿದ. ಈ ಸಲ ಎಲ್ಲೂ ತಪ್ಪಲಿಲ್ಲ. ಇಪ್ಪತ್ತೊಂದಕ್ಕೆ ನಿಲ್ಲಿಸಿ ಕೈ ಒರೆಸಿಕೊಳ್ಳಲು ಹೊರಟ.

ಡ್ರಮ್ಮಿಗೆ ನಾಲ್ಕು ಮಡಿಕೆಯ ಬಟ್ಟೆ ಹೊಲಿಯಲು ಅಳತೆ ತೆಗೆಯುತ್ತಿದ್ದ ದರ್ಜಿ, ಅದರ ಹಿಂದಿನಿಂದ ತಲೆ ಎತ್ತಿದ.

“ಒಂದು ಬಿಟ್ರಿ,” ಎಂದ. “ಮೊದಲಿಂದ.”