ಡಿವೈಡರಿನ ದಾಸವಾಳ, ಸೊಸೈಟಿಯ ಮಳೆಮರ

ಗೋರೆಗಾಂವಿನ ನಮ್ಮ ಗಾರ್ಡನ್ ಕ್ಲಬ್ಬಿನಲ್ಲಿ ಗಿಡ ಒಣಗಿದ ವಾರಗಳು ಇವೆ, ನಗದೆ ಮನೆಗೆ ಹೋದ ವಾರ ಮಾತ್ರ ನೆನಪಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಇಲ್ಲಿಗೆ ಬಂದು, ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ನಿವೃತ್ತಳಾದ ಮೇಲೆ ಈ ಕ್ಲಬ್ ಸೇರಿದೆ. ಮರಾಠಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರ್ ನಮ್ಮ ಅಧ್ಯಕ್ಷೆ. ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ಕಾರ್ಯದರ್ಶಿ, ಹಾಗಾಗಿ ಮೀಟಿಂಗಿಗೆ ಇಡ್ಲಿ ಖಾಯಂ. ಸ್ಟೇಷನ್ ರೋಡಿನ ಡಿವೈಡರ್ ಮೇಲೆ ಹೂಗಿಡ ಬೆಳೆಸುವುದು, ಕಸ ಬೀಳುವ ಮೂಲೆಗಳನ್ನು ತೋಟ ಮಾಡುವುದು, ಮರ ಕಡಿಯಲು ಬಂದವರ ಎದುರು ಹೋಗಿ ನಿಲ್ಲುವುದು, ಇಷ್ಟು ನಮ್ಮ ಕೆಲಸ.

ಗಣಪತಿಗೆ ಗೊತ್ತಿತ್ತು

ಡಿವೈಡರ್ ಮೇಲೆ ನಾವು ಹಚ್ಚಿದ ದಾಸವಾಳ ಮಳೆಗಾಲಕ್ಕೆ ಮೈತುಂಬ ಮೊಗ್ಗು ಬಿಟ್ಟಿತು. ಆದರೆ ಒಂದು ಹೂವೂ ಬೆಳಗಿನ ಜನರ ಕಣ್ಣಿಗೆ ಬೀಳಲಿಲ್ಲ. ಲೋಕಲ್ ರೈಲು ಹಿಡಿಯುವವರು ಬರುವಷ್ಟರಲ್ಲಿ ಗಿಡ ಬೋಳು.

ನನಗೆ ಇದೇ ಚಿಂತೆಯಾಯಿತು. ನಮ್ಮವರು ವಾಕಿಂಗ್ ಹೋದಾಗ ಸ್ಟೇಷನ್ ಹತ್ತಿರದ ಹೂವಾಡಗಿತ್ತಿಯಿಂದ ಪೂಜೆಗೆ ಹೂ ತರುತ್ತಿದ್ದರು. ಅದನ್ನೇ ಗಣಪತಿಗೆ ಏರಿಸಿ, "ಆ ಹೂಗಳ್ಳನ್ನ ಹಿಡಿದುಕೊಡಪ್ಪಾ" ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ.

ಕೊನೆಗೆ ಕಾರ್ಯದರ್ಶಿಗಳೂ ನಾನೂ ಬೆಳಿಗ್ಗೆ ಬೇಗನೆ ಎದ್ದು ಚಹಾದಂಗಡಿಯ ಮರೆಯಲ್ಲಿ ನಿಂತೆವು. ಸ್ವಲ್ಪ ಹೊತ್ತಿಗೆ ರೇನ್‌ಕೋಟ್ ತೊಟ್ಟ ಒಬ್ಬರು ಡಿವೈಡರ್ ಏರಿ, ಕೊಡೆಯ ಹಿಡಿಕೆಯಿಂದ ಟೊಂಗೆ ಬಗ್ಗಿಸಿ, ಬಹಳ ನಾಜೂಕಾಗಿ ಹೂ ಕೊಯ್ಯತೊಡಗಿದರು.

ಕಾರ್ಯದರ್ಶಿಗಳು ಕಣ್ಣು ಕಿರಿದು ಮಾಡಿ ನೋಡಿದರು. "ಮೇಡಂ, ಈ ಜನವನ್ನು ಎಲ್ಲಿಯೋ ನೋಡಿದ ಹಾಗೆ ಉಂಟಲ್ಲ."

"ನಮ್ಮ ಮನ್ಯಾಗ ನೋಡೀರಿ," ಅಂದೆ.

ಮನೆಗೆ ಬಂದು ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ದಿನಾ ಗಣಪತಿ ಮುಂದ ಕೂತು ಕಳ್ಳನ್ನ ಹಿಡಿದುಕೊಡು ಅಂತಿದ್ದಿ. ಅವಗ ಕಳ್ಳ ಯಾರಂತ ಮೊದಲಿಂದ ಗೊತ್ತಿತ್ತು. ಹಿಡಿದುಕೊಟ್ರ ಹೂ ನಿಲ್ತಾವಂತ ಸುಮ್ಮನಿದ್ದ."

ಮೊಣಕಾಲು ನೋವು

ಮಾರ್ಕೆಟ್ಟಿನ ಹಿಂದಿನ ಮೂಲೆಯಲ್ಲಿ ಕಸದ ಗುಡ್ಡೆಯಿತ್ತು. ಮೂಗು ಮುಚ್ಚಿಕೊಂಡೇ ಅದನ್ನೆಲ್ಲ ತೆಗೆಸಿ, ಮಣ್ಣು ತುಂಬಿಸಿ, ಕಣಗಿಲೆ, ನಂದಿಬಟ್ಟಲು ಹಚ್ಚಿ, ಸುತ್ತ ನಡೆಯಲು ಸಣ್ಣ ಹಾದಿ ಮಾಡಿದೆವು.

ಮರುದಿನವೇ ಎದುರಿನ ಬಿಲ್ಡಿಂಗಿನ ಒಬ್ಬ ಹೆಂಗಸು ಕಸದ ಚೀಲ ಹಿಡಿದು ಬಂದು, ಎಸೆಯಲು ಕೈ ಎತ್ತಿ, ಹಾಗೇ ನಿಂತರು. "ಎಷ್ಟು ಚಂದ ಮಾಡಿದ್ದೀರಿ," ಎಂದು ಮನಸಾರೆ ಹೊಗಳಿದರು. ಆಮೇಲೆ, "ಇದನ್ನು ಈಗ ಎಲ್ಲಿ ಹಾಕಲಿ?" ಎಂದು ಕೇಳಿದರು.

ರಸ್ತೆಯ ಕೊನೆಯಲ್ಲಿರುವ ಮುನಿಸಿಪಾಲಿಟಿಯ ಡಬ್ಬಿ ತೋರಿಸಿದೆ.

"ಅಷ್ಟು ದೂರ ನಡೆಯೋಕೆ ಆಗಲ್ಲ ಅಕ್ಕ. ಮೊಣಕಾಲು ನೋವು."

ಪಾಪ ಅನಿಸಿತು. ಮುಂದಿನ ವಾರ ನೋಡಿದರೆ ಅದೇ ಹೆಂಗಸು ಹೊಸ ಶೂಸ್ ಹಾಕಿಕೊಂಡು ನಮ್ಮ ತೋಟದ ಸುತ್ತ ಸುತ್ತು ಹೊಡೆಯುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ, "ಮೊಣಕಾಲು ನೋವಿಗೆ ಡಾಕ್ಟರ್ ದಿನಾ ನಡೀರಿ ಅಂದಿದ್ದಾರೆ. ನೀವು ಪುಣ್ಯದ ಕೆಲಸ ಮಾಡಿದಿರಿ," ಎಂದರು.

"ಮತ್ತೆ ಕಸ?"

"ಅದನ್ನು ನಮ್ಮವರು ಸ್ಕೂಟರ್ ಮೇಲೆ ಒಯ್ತಾರೆ. ಆ ಡಬ್ಬಿ ಬಹಳ ದೂರ."

ಹೊಂಗೆಯ ಅಭಿಮಾನಿಗಳು

ನಮ್ಮ ಕ್ಲಬ್ಬಿನ ಅತಿ ಚಿಕ್ಕ ಸದಸ್ಯೆ ಕಾಲೇಜು ಹುಡುಗಿ. ಮನೆಮಾತು ಕನ್ನಡವೇ ಆದರೂ ನಾಲಿಗೆ ಹಿಂದಿಯ ಕಡೆಗೇ ಜಾರುತ್ತದೆ. ರಸ್ತೆಯ ಮರಗಳಿಗೆಲ್ಲ ಒಂದೊಂದು ಕ್ಯೂಆರ್ ಕೋಡ್ ಕಟ್ಟೋಣ, ಜನ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಮರದ ಹೆಸರು, ಗುಣ ಎಲ್ಲ ಬರುತ್ತದೆ ಎಂದಳು. ಮೊಳೆ ಹೊಡೆಯದೆ ದಾರದಿಂದ ಕಟ್ಟಿದೆವು. ಯಾರೂ ತಿರುಗಿ ನೋಡಲಿಲ್ಲ. ಹುಡುಗಿಗೆ ಬೇಜಾರಾಯಿತು.

ಒಂದು ಮಧ್ಯಾಹ್ನ ಹೊಂಗೆ ಮರದ ಕೆಳಗಿನ ಎಳನೀರಿನವನ ಹತ್ತಿರ ನಿಂತಿದ್ದೆ. ಆಫೀಸಿನ ಐಡಿ ಕಾರ್ಡು ನೇತುಹಾಕಿಕೊಂಡ ಯುವಕನೊಬ್ಬ ಎಳನೀರು ಕುಡಿದು, ಮರದ ಮೇಲಿನ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದ.

"ಪೊಂಗಾಮಿಯಾ ಅಂತ ಬರ್ತಿದೆ. ನಿನ್ನದೇನಾ?" ಎಂದು ಹಿಂದಿಯಲ್ಲಿ ಕೇಳಿದ.

"ನನ್ನ ಹೆಸರು ಅದಲ್ಲ ಸಾಹೇಬ್."

"ಹಾಗಾದರೆ ಹೆಂಡತಿ ಹೆಸರಲ್ಲಿ ಅಕೌಂಟ್ ಇದೆಯಾ?"

ಎಳನೀರಿನವನು ಒಂದು ಕ್ಷಣ ಯೋಚಿಸಿ, "ಇಲ್ಲ" ಅಂದ. ನಾನು ನಡುವೆ ಹೋಗಿ, ಅದು ಮರದ ಹೆಸರು, ಗಾಡಿಗೆ ಅಂಟಿಸಿದ ಕೋಡ್ ಬೇರೆ ಎಂದು ಬಿಡಿಸಿ ಹೇಳಬೇಕಾಯಿತು. ಬೇಸಿಗೆಯಿಡೀ ಹೀಗೇ ನಡೆಯಿತು.

ಮೀಟಿಂಗಿಗೆ ಹುಡುಗಿ ಮೊಬೈಲಿನಲ್ಲಿ ಸ್ಕ್ಯಾನ್‌ಗಳ ಲೆಕ್ಕ ತೋರಿಸುತ್ತ ಅರಳಿದ ಮುಖದಿಂದ ಬಂದಳು. "ಆಂಟಿ, ಬೇರೆ ಮರ ಯಾರೂ ಸ್ಕ್ಯಾನ್ ಮಾಡಲ್ಲ. ಲೇಕಿನ್ ಲೋಗ್‌ಗೆ ಹೊಂಗೆ ಬಹುತ್ ಪಸಂದ್ ಇದೆ. ಯಾಕೆ ಗೊತ್ತಿಲ್ಲ."

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಾನು ಅವಳ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿ, "ಹೌದಮ್ಮಾ, ಬಿಸಿಲು ಹೆಚ್ಚಾದಷ್ಟೂ ಪ್ರೀತಿ ಹೆಚ್ಚು," ಅಂದೆ.

ಏಳು ಜನ್ಮ

ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ದೊಡ್ಡ ಮಳೆಮರವಿದೆ. ಬೇಸಿಗೆಯಲ್ಲಿ ಇಡೀ ಬಿಲ್ಡಿಂಗಿಗೆ ಅದರದೇ ನೆರಳು, ಮಳೆ ಹತ್ತಿರ ಬಂದರೆ ಅದರ ತುಂಬ ಬೆಳ್ಳಕ್ಕಿ ಗೂಡು. ಬೆಳಗಾವಿ ಕಡೆಯವರಾದ ಸೊಸೈಟಿಯ ಚೇರ್ಮನ್ನರು ಅದರ ಕೆಳಗೆ ತಮ್ಮ ಹೊಸ ಕಾರು ನಿಲ್ಲಿಸಿದರು. ಬೆಳ್ಳಕ್ಕಿಗಳು ಎರಡೇ ದಿನದಲ್ಲಿ ಕಾರಿನ ಬಣ್ಣ ಬದಲಿಸಿದವು.

ಮಳೆಗೆ ಮುಂಚೆ ಟೊಂಗೆ ಕತ್ತರಿಸಲು ಅನುಮತಿ ಸಿಗುತ್ತದೆ. "ಬರೇ ಟ್ರಿಮ್ಮಿಂಗ್ ಅಷ್ಟ ರೀ," ಎಂದು ನಮಗೆ ಹೇಳಿದರು. ಕೆಲಸದವರಿಗೆ ಹೇಳಿದ್ದು ಬೇರೆ: ಬುಡದಿಂದ ಟ್ರಿಮ್ ಮಾಡಿ. ವಾಚ್‌ಮನ್ ಬಂದು ಈ ಸುದ್ದಿ ಹೇಳಿದಾಗ ಕರಗಸ ಗೇಟಿನೊಳಗೆ ಬಂದಾಗಿತ್ತು. ಟೀಚರಿಗೆ ಫೋನ್ ಮಾಡಿದೆ.

ಅವತ್ತು ವಟಪೂರ್ಣಿಮೆ. ಏಳು ಜನ್ಮಕ್ಕೂ ಇದೇ ಗಂಡ ಸಿಗಲಿ ಎಂದು ಇಲ್ಲಿನ ಹೆಂಗಸರು ಆಲದ ಮರಕ್ಕೆ ದಾರ ಸುತ್ತುವ ದಿನ. ನಮ್ಮ ಬಿಲ್ಡಿಂಗಿನವರು ರೇಷ್ಮೆ ಸೀರೆಯುಟ್ಟು, ಪೂಜೆಯ ತಟ್ಟೆ ಹಿಡಿದು ದೂರದ ಆಲದ ಮರಕ್ಕೆ ಹೊರಟಿದ್ದರು. ಟೀಚರ್ ರಿಕ್ಷಾದಿಂದ ಇಳಿದವರೇ ಗೇಟಿನಲ್ಲಿ ಅವರನ್ನು ತಡೆದರು.

"ಅಷ್ಟು ದೂರ ಯಾಕೆ? ಇಲ್ಲೇ ಕಟ್ಟಿ."

"ಇದು ಆಲದ ಮರ ಅಲ್ಲವಲ್ಲ ಟೀಚರ್."

"ಗಂಡಂದಿರೂ ನಾವು ಅಂದುಕೊಂಡ ಹಾಗೆ ಇರುವುದಿಲ್ಲ. ಹೊಂದಿಕೊಂಡಿಲ್ಲವೇ?"

ಹೆಂಗಸರು ಆಕಾಶ ನೋಡಿದರು. ಮೋಡ ಕಟ್ಟಿತ್ತು. ಎಲ್ಲರೂ ಒಳಗೆ ಬಂದು ಸುತ್ತತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಕಾಂಡ ದಾರದಿಂದ ಬೆಳ್ಳಗಾಯಿತು. ಕರಗಸ ಹಿಡಿದವನು ಅದನ್ನು ಕೆಳಗಿಟ್ಟು, "ನನ್ನ ಹೆಂಡತಿಯೂ ಇವತ್ತು ಉಪವಾಸ. ನಾನು ಮುಟ್ಟುವುದಿಲ್ಲ," ಎಂದುಬಿಟ್ಟ.

ಚೇರ್ಮನ್ನರು ಸಿಟ್ಟಿನಿಂದ ಕೆಳಗಿಳಿದು ಬಂದರು. ಮರ ಸುತ್ತುವವರಲ್ಲಿ ಅವರ ಹೆಂಡತಿಯೂ ಇದ್ದರು.

"ಏನ್ ನಡಸೀದಿ? ನಡಿ ಒಳಗ."

ಆಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಇದನ್ನ ಕಡಿಸ್ರಿ, ನಾ ಏನೂ ಅನ್ನೂದಿಲ್ಲ. ಆದ್ರ ಈ ದಾರ ಹರೀತಂದ್ರ ಮುಂದಿನ ಏಳೂ ಜನ್ಮಕ್ಕ ನಾ ನಿಮಗ ಸಿಗೂದಿಲ್ಲ. ಈಗ ಹೇಳಿರ್ತೇನಿ."

ಮರ ಉಳಿಯಿತು. ಬೆಳ್ಳಕ್ಕಿಗಳು ಆ ಮಳೆಗಾಲದಲ್ಲೇ ಮರಿ ಮಾಡಿದವು, ಕಾರಿಗೆ ದಪ್ಪನೆಯ ಹೊದಿಕೆ ಬಂತು. ಆದರೆ ಅವತ್ತು ಆಕೆ ಆ ಮಾತು ಹೇಳಿದಾಗ ನಾನು ಚೇರ್ಮನ್ನರ ಪಕ್ಕದಲ್ಲೇ ಇದ್ದೆ. ಅವರು ಹೆಂಡತಿಯನ್ನು ನೋಡಿದರು. ಮರವನ್ನು ನೋಡಿದರು. ಮತ್ತೊಮ್ಮೆ ಹೆಂಡತಿಯನ್ನು ನೋಡಿದರು. ಆಮೇಲೆ ಕೆಲಸದವನ ಕಡೆ ಬಾಗಿ, ಮೆಲ್ಲಗೆ ಕೇಳಿದರು:

"ಕರಗಸ ಹರಿತ ಐತೇನಪಾ?"